ವಾಮನಾರೋಹಣ ಮೀಮಾಂಸೆ: ಭಾರೀ ಬೈಕು, ಗಿಡ್ಡ ಕಾಲು ಮತ್ತು ನೆಲದ ಪ್ರಶ್ನೆ

ಪೀಠಿಕಾ ಪ್ರಕರಣ

ದ್ವಿಚಕ್ರಾರೂಢ ವ್ಯಕ್ತಿಯ ಪಾದತಲಕ್ಕೂ ಭೂತಲಕ್ಕೂ ಇರುವ ಸಂಬಂಧ ನಿತ್ಯವೋ, ಅನಿತ್ಯವೋ, ಅಥವಾ ಬರೀ ಆಶಯವೋ ಎಂಬ ಪ್ರಶ್ನೆಯನ್ನು ನಮ್ಮ ಪೂರ್ವಸೂರಿಗಳು ಎತ್ತಿಕೊಂಡಂತೆ ಕಾಣುವುದಿಲ್ಲ. ಅವರ ಕಾಲದ ವಾಹನಗಳಿಗೆ ಸ್ವಂತ ಕಾಲುಗಳಿದ್ದವು. ಐರಾವತ ನಾಲ್ಕು ಕಾಲ ಮೇಲೆ ನಿಲ್ಲುತ್ತಿತ್ತು, ನವಿಲು ಎರಡರ ಮೇಲೆ. ಷಣ್ಮುಖ ಕಾಲು ಕೆಳಗಿಡಲಿ ಬಿಡಲಿ, ನವಿಲು ಎಡಕ್ಕೆ ವಾಲಿ ದೊಪ್ಪನೆ ಬಿದ್ದ ಉಲ್ಲೇಖ ಯಾವ ಪುರಾಣದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೆ ನಿಂಜಾ 650 ಎಂಬ ವಾಹನಕ್ಕಿರುವುದು ಎಡಗಡೆ ಒಂದೇ ಕಾಲು. ಅದರ ಹೆಸರು ಸೈಡ್ ಸ್ಟ್ಯಾಂಡ್. ಅದನ್ನು ಮಡಚಿದ ಕ್ಷಣದಿಂದ 196 ಕಿಲೋ ತೂಕದ ಯೋಗಕ್ಷೇಮವೆಲ್ಲ ಮೇಲೆ ಕೂತವರ ಕಾಲಿಗೆ ಸೇರಿದ್ದು. ಸೀಟಿನ ಎತ್ತರ 790 ಮಿಲಿಮೀಟರ್. ಕೂತವಳ ಎತ್ತರ ಐದಡಿ ಒಂದಿಂಚು. ಈ ಎರಡು ಸಂಖ್ಯೆಗಳ ನಡುವಿನ ಕಂದಕವನ್ನು ತಾತ್ವಿಕವಾಗಿ ತುಂಬುವುದೇ ಪ್ರಸ್ತುತ ಸಂಶೋಧನೆಯ ಘನ ಉದ್ದೇಶ.

ಸಂಶೋಧನೆಯ ವ್ಯಾಪ್ತಿ: ಬೆಂಗಳೂರಿನ ಸಿಗ್ನಲ್ಲುಗಳು, ನಂದಿಬೆಟ್ಟದ ತಿರುವುಗಳು, ಅಪಾರ್ಟ್‌ಮೆಂಟಿನ ಬೇಸ್‌ಮೆಂಟು. ಮಿತಿ: ಸಂಶೋಧಕಿಯ ಕಾಲಿನ ಉದ್ದ, 70 ಸೆಂಟಿಮೀಟರ್. ಪೂರ್ವಾಧ್ಯಯನ ಸಮೀಕ್ಷೆ: ಕುಳ್ಳರ ಪರವಾಗಿ ಈ ನಾಡಿನಲ್ಲಿ ಗಂಭೀರವಾಗಿ ದುಡಿದವರು ದ್ವಾರಕೀಶ್ ಒಬ್ಬರೇ. ಆದರೆ 'ಕುಳ್ಳ ಏಜೆಂಟ್ 000' (1972), 'ಪ್ರಚಂಡ ಕುಳ್ಳ' (1984) ಎಂಬ ಎರಡು ಮಹತ್ವದ ಆಕರಗಳೂ ಸೀಟ್ ಹೈಟಿನ ಬಗ್ಗೆ ಸಂಶಯಾಸ್ಪದ ಮೌನ ವಹಿಸಿವೆ.

ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಪ್ರಮಾಣಗಳ ಪೈಕಿ ಈ ಕ್ಷೇತ್ರದಲ್ಲಿ ಹೇರಳವಾಗಿ ದೊರೆಯುವುದು ಶಬ್ದಪ್ರಮಾಣ. ಭಾನುವಾರ ಬೆಳಗ್ಗೆ ದೇವನಹಳ್ಳಿ ದಾರಿಯ ಯಾವ ಹೋಟೆಲಿನ ಮುಂದೆ ಬೈಕು ನಿಲ್ಲಿಸಿದರೂ ಇಡ್ಲಿ ಬರುವ ಮೊದಲು ಶಬ್ದಪ್ರಮಾಣ ಬರುತ್ತದೆ. ಕೇಳಬೇಕಾಗಿಯೂ ಇಲ್ಲ.

ಪರಿಭಾಷಾ ಪ್ರಕರಣ

ಶಾಸ್ತ್ರವೆಂದ ಮೇಲೆ ಪರಿಭಾಷೆ ಬೇಕು. ಅದು ಅರ್ಥವಾಗದಿದ್ದರೆ ಇನ್ನೂ ಒಳ್ಳೆಯದು. ಈ ಶಾಸ್ತ್ರದ ಮೂಲ ಪದಾರ್ಥ 'ಪಾದತಲಾವಚ್ಛಿನ್ನ ಭೂಸ್ಪರ್ಶಾಭಾವಪ್ರಯುಕ್ತ ಪಾರ್ಶ್ವಪತನಶಂಕೆ'. ಲೋಕದಲ್ಲಿ ಇದಕ್ಕೆ 'ಅಯ್ಯಯ್ಯೋ ಹೋಯ್ತು ಹೋಯ್ತು' ಎಂಬ ವ್ಯವಹಾರವಿದೆ. ವಾಹನದ ವೇಗ ಸೊನ್ನೆಗೆ ಇಳಿಯುವಾಗ ಇದು ಉದ್ಭವಿಸುತ್ತದೆ, ಗಂಟೆಗೆ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿ ಲಯವಾಗುತ್ತದೆ. ಓಡುವ ಬೈಕಿಗೆ ಮೇಲೆ ಕೂತವರ ಎತ್ತರವೇ ಗೊತ್ತಿರುವುದಿಲ್ಲ. ಎಡ ಹ್ಯಾಂಡಲನ್ನು ತುಸು ಮುಂದಕ್ಕೆ ಒತ್ತಿದರೆ ಎಡಕ್ಕೆ ವಾಲುತ್ತದೆ, ಬಲದ್ದನ್ನು ಒತ್ತಿದರೆ ಬಲಕ್ಕೆ, ಕುಳ್ಳಿಯೋ ಉದ್ದಿಯೋ ಎಂದು ವಿಚಾರಿಸದೆ. ಆದ್ದರಿಂದ ನೂರರಲ್ಲಿ ಹೋಗುತ್ತಿರುವ ಗಿಡ್ಡ ಹೆಂಗಸಿಗೆ ಶಾಸ್ತ್ರದ ಹಂಗಿಲ್ಲ. ಶಾಸ್ತ್ರ ಬೇಕಾಗುವುದು ಹೆಬ್ಬಾಳದ ಜಾಮಿನಲ್ಲಿ.

ಎರಡನೆಯ ಪದಾರ್ಥ 'ಆಸನೋನ್ನತಿ'. ಕಂಪನಿ ಅಚ್ಚು ಹಾಕಿಸುವ ಸೀಟ್ ಹೈಟ್ ಖಾಲಿ ಬೈಕಿನದು. ಮೇಲೆ ಕೂತರೆ ಸ್ಪ್ರಿಂಗು ಕುಗ್ಗಿ ಎರಡು ಮೂರು ಸೆಂಟಿಮೀಟರು ಇಳಿಯುತ್ತದೆ. ಮೂರನೆಯದು 'ಆಸನಸ್ಥೂಲತೆ', ಅಂದರೆ ಸೀಟಿನ ಅಗಲ. ತೊಡೆ ಹರಡಿದಷ್ಟೂ ಕಾಲು ಮೋಟಾಗುತ್ತದೆ. ಮುಂಭಾಗ ಕಿರಿದಾದ 800 ಮಿಲಿಮೀಟರಿನ ಸೀಟಿನಿಂದ ನೆಲ ಎಟುಕಬಹುದು, ಅಗಲವಾದ 780ರ ಸೀಟಿನಿಂದ ಎಟುಕದಿರಬಹುದು. ನಿರ್ಣಾಯಕವಾದ ಈ ಅಂಕಿಯನ್ನು ನಾನು ಯಾವ ಬ್ರೋಷರಿನಲ್ಲೂ ಕಂಡಿಲ್ಲ. ಹೆಡ್‌ಲೈಟಿನ ಸುತ್ತ ಎಷ್ಟು ಎಲ್‌ಇಡಿ ಎಂಬುದು ಮಾತ್ರ ಎಲ್ಲದರಲ್ಲೂ ಇತ್ತು.

ಪಾದಭೇದ ಪ್ರಕರಣ

ನಿಂತ ಬೈಕಿನ ಮೇಲೆ ಕೂತವರ ಪಾದ ಒಂಬತ್ತು ಬಗೆ.

ಮೊದಲನೆಯದು ಪೂರ್ಣಪಾದ. ಎರಡೂ ಅಂಗಾಲು ಹಿಮ್ಮಡಿ ಸಮೇತ ನೆಲಕ್ಕೆ. ಮೇಲಾಗಿ ಮಂಡಿಯೂ ಮಡಚಿರುತ್ತದೆ, ಅದು ಬರೀ ಕೊಬ್ಬು. ಇವರು ಸಿಗ್ನಲ್ಲಿನಲ್ಲಿ ಎರಡೂ ಕೈ ಬಿಟ್ಟು ಮೊಬೈಲು ನೋಡಬಲ್ಲರು. ಉಪದೇಶಕರೆಲ್ಲ ಈ ವರ್ಗದಿಂದಲೇ ಬರುತ್ತಾರೆ.

ಎರಡನೆಯದು ಅಂಗುಷ್ಠಾಗ್ರಪಾದ. ಎರಡೂ ಬೂಟಿನ ತುದಿ ಮಾತ್ರ ನೆಲ ಮುಟ್ಟಿರುತ್ತದೆ. ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ. ಲಾರಿ ಪಕ್ಕದಲ್ಲಿ ಹಾದು ಗಾಳಿ ಬೀಸಿದರೆ ಗೊತ್ತಾಗುತ್ತದೆ.

ಮೂರನೆಯದು ಏಕಪಾದ. ಪೃಷ್ಠದ ಅರ್ಧಭಾಗವನ್ನು ಸೀಟಿನಿಂದ ಎಡಕ್ಕೆ ಜಾರಿಸಿ, ಎಡಗಾಲನ್ನು ಹಿಮ್ಮಡಿಯವರೆಗೂ ಊರಿ, ಬಲಗಾಲನ್ನು ಹಿಂಬ್ರೇಕಿನ ಮೇಲಿಟ್ಟು ನಿಲ್ಲುವುದು. ಎರಡು ತುದಿಗಾಲಿಗಿಂತ ಒಂದು ಪೂರ್ತಿ ಅಂಗಾಲು ಮೇಲು ಎಂಬುದು ಈ ಪ್ರಬಂಧದಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವ ಸೂತ್ರ. ಬೇಕಾದವರು ಅಡಿಗೆರೆ ಎಳೆದುಕೊಳ್ಳಿ.

ನಾಲ್ಕನೆಯದು ಪರಾಶ್ರಯಪಾದ. ಸಿಗ್ನಲ್ಲು ಇನ್ನೂ ದೂರವಿರುವಾಗಲೇ ಫುಟ್‌ಪಾತಿನ ಅಂಚುಕಲ್ಲು ಎಲ್ಲಿದೆ ಎಂದು ಹುಡುಕುತ್ತ ಬರುವ ಪಾದ. ಕಲ್ಲು ಸಿಕ್ಕರೆ ಗೇಣುದ್ದದ ಎತ್ತರ ಪುಕ್ಕಟೆ. ಬೆಂಗಳೂರಿನಲ್ಲಿ ಆ ಕಲ್ಲು ಇರಬೇಕಾದ ಕಡೆ ಇರುವುದಿಲ್ಲ, ಇದ್ದರೆ ಅಲ್ಲಾಡುತ್ತದೆ, ಅಲ್ಲಾಡದಿದ್ದರೆ ಅದರ ಮೇಲೆ ಎಳನೀರಿನ ಬುರುಡೆ ಕೂತಿರುತ್ತದೆ.

ಐದನೆಯದು ನಿರಾಲಂಬಪಾದ. ಎರಡೂ ಕಾಲು ಗಾಳಿಯಲ್ಲಿ. ಈ ಸ್ಥಿತಿ ಬಹಳ ಹೊತ್ತು ಇರುವುದಿಲ್ಲ.

ಮಿಕ್ಕ ನಾಲ್ಕನ್ನು ಸೇರಿಸಿದ್ದು ಸಂಖ್ಯಾಶೋಭೆಗೆ. ಒಂಬತ್ತು ಎಂದರೆ ಕೇಳುವವರಿಗೆ ಗೌರವ ಬರುತ್ತದೆ. ಬಂದಿದ್ದರೆ ಸಾಕು, ಮುಂದೆ ಹೋಗೋಣ.

ಪೂರ್ವಪಕ್ಷ ಪ್ರಕರಣ

ಎದುರಾಳಿಗಳಲ್ಲಿ ಮೂರು ಪಂಥ. ಸ್ಕೂಟಿವಾದಿಗಳ ಮಾತು ಒಂದೇ ಸಾಲಿನದು: 'ನಿಮಗ್ಯಾಕೆ ಮೇಡಂ ಇದೆಲ್ಲ, ಆರಾಮಾಗಿ ಒಂದು ಸ್ಕೂಟಿ ತಗೊಳ್ಳಿ.' ಇವರು ಪ್ರಾಮಾಣಿಕರು. ಇವರೊಡನೆ ಜಗಳ ಬೇಗ ಮುಗಿಯುತ್ತದೆ.

ಪೆಡ್ರೋಸಾವಾದಿಗಳು ಓದಿಕೊಂಡವರು. ಡ್ಯಾನಿ ಪೆಡ್ರೋಸಾ ಸ್ಪೇನಿನ ಸವಾರ, ಎತ್ತರ ಹೆಚ್ಚೆಂದರೆ ಐದಡಿ ಮೂರಿಂಚು. 125 ಸಿಸಿಯಲ್ಲಿ ಒಂದು, 250 ಸಿಸಿಯಲ್ಲಿ ಎರಡು ವಿಶ್ವ ಪ್ರಶಸ್ತಿ ಗೆದ್ದು, 2006ರಿಂದ 2018ರವರೆಗೆ ಮೋಟೋಜಿಪಿಯಲ್ಲಿ ಹೋಂಡಾ ಓಡಿಸಿ 31 ರೇಸು ಗೆದ್ದವನು. ಹೆರೆಸ್ ಟ್ರ್ಯಾಕಿನ ಒಂದು ತಿರುವಿಗೆ ಅವನ ಹೆಸರೇ ಇದೆ. 'ಅವನಿಗಾದರೆ ನಿಮಗ್ಯಾಕೆ ಆಗಲ್ಲ?' ಇದಕ್ಕೆ ಸಮಾಧಾನ: ಪೆಡ್ರೋಸಾ ಬೈಕು ನಿಲ್ಲಿಸುವಾಗ ಹಿಡಿದುಕೊಳ್ಳಲು ಮೆಕ್ಯಾನಿಕ್‌ಗಳು ಸಿದ್ಧರಾಗಿ ನಿಂತಿರುತ್ತಿದ್ದರು, ಹಿಂದಿನ ಚಕ್ರಕ್ಕೆ ಸ್ಟ್ಯಾಂಡು ಕೊಡುತ್ತಿದ್ದರು. ಹೆರೆಸಿನಲ್ಲಿ ಆಟೋದವನು ಎದುರಿಗೆ ಗಕ್ಕನೆ ಯೂ ಟರ್ನ್ ಹೊಡೆಯುವುದಿಲ್ಲ, ಸಿಲ್ಕ್ ಬೋರ್ಡ್ ಜಂಕ್ಷನ್ ಕೂಡ ಇಲ್ಲ. ಅಷ್ಟಿದ್ದೂ, ಮೈತೂಕ ಕಡಿಮೆಯಾಗಿ ಟೈರು ಬಿಸಿಯೇರದೆ ಅವನು ಪಟ್ಟ ಪಾಡು ರೇಸು ನೋಡುವವರಿಗೆಲ್ಲ ಗೊತ್ತು. ಮಹಾ ಸವಾರನಾಗಿದ್ದೂ ಅವನು ತನ್ನ ಗಾತ್ರದ ಬೆಲೆ ತೆತ್ತ. ಅದು ಮನಸ್ಸಿನ ಭ್ರಮೆ ಎಂದು ಅವನಿಗೆ ಯಾರೂ ಹೇಳಿದಂತಿಲ್ಲ.

ಮೂರನೆಯದು ಮನೋಬಲವಾದ. ಇದು ಅದ್ವೈತದ ಒಂದು ಹೊಸ ಕವಲು. ಇದರ ಪ್ರಕಾರ ನೆಲವೂ ಮಿಥ್ಯೆ, ಕಾಲೂ ಮಿಥ್ಯೆ, ಕಾನ್ಫಿಡೆನ್ಸ್ ಒಂದೇ ಸತ್ಯ. 'ಹೈಟ್ ಇಶ್ಯೂನೇ ಅಲ್ಲ ಮೇಡಂ. ಎಲ್ಲಾ ಮೈಂಡಲ್ಲಿರೋದು.' ಹೇಳುವವರ ಎತ್ತರ ಆರಡಿ. ಹೇಳುವಾಗ ತಮ್ಮ ಬೈಕಿಗೆ ಒರಗಿ ಕಾಫಿ ಕುಡಿಯುತ್ತಿರುತ್ತಾರೆ.

ಶಾಸ್ತ್ರವನ್ನು ಒಂದು ನಿಮಿಷ ಪಕ್ಕಕ್ಕಿಡುತ್ತೇನೆ, ಲೆಕ್ಕ ಮಾಡೋಣ. 790ರಲ್ಲಿ ಸ್ಪ್ರಿಂಗು ಕುಗ್ಗಿದ್ದಕ್ಕೆ 30 ಕಳೆಯಿರಿ. ಬೂಟಿನ ದಪ್ಪ ಅಟ್ಟೆಗೆ 30 ಕಳೆಯಿರಿ. ಉಳಿದದ್ದು 730. ನನ್ನ ಕಾಲು 700, ಅದೂ ನೆಟ್ಟಗೆ ಇಳಿಬಿಟ್ಟರೆ. ಸೀಟಿನ ಅಗಲ ಬಳಸಿ ಬರುವಷ್ಟರಲ್ಲಿ ಇನ್ನೂ ಮೋಟು. ಕೊರತೆ ಬಿದ್ದ ಈ 30 ಮಿಲಿಮೀಟರು ನನ್ನ ಮೈಂಡಲ್ಲಿಲ್ಲ ಸ್ವಾಮಿ, ಹಿಮ್ಮಡಿ ಕೆಳಗಿದೆ. ಟೇಪು ತಂದರೆ ತೋರಿಸುತ್ತೇನೆ. ಟೇಪಿಗೆ ಸಿಗುವ ಕೊರತೆಯನ್ನು ನನ್ನ ಸ್ವಭಾವದ ದೋಷ ಮಾಡಿಬಿಟ್ಟರೆ ಎಲ್ಲರಿಗೂ ಅನುಕೂಲ: ಕಂಪನಿ ಸೀಟು ತಗ್ಗಿಸಬೇಕಿಲ್ಲ, ಶೋರೂಮಿನವರು ಇನ್ನೊಂದು ಸೀಟು ತರಿಸಬೇಕಿಲ್ಲ, ಪಾಲಿಕೆ ರಸ್ತೆ ಸಮ ಮಾಡಬೇಕಿಲ್ಲ. ಬಿದ್ದವಳಿಗೆ ಧೈರ್ಯ ಸಾಲದು ಎಂದರೆ ಕಡತ ಮುಗಿಯಿತು.

ಸಿದ್ಧಾಂತ ಪ್ರಕರಣ

ನೆಟ್ಟಗೆ ನಿಂತ ಬೈಕನ್ನು ಎರಡು ಬೆರಳಲ್ಲಿ ಹಿಡಿದು ನಿಲ್ಲಿಸಬಹುದು. ತೂಕ ಕೈಗೆ ಬರುವುದು ಅದು ವಾಲತೊಡಗಿದ ಮೇಲೆ. 196 ಕಿಲೋದ ಬೈಕಿನ ಗುರುತ್ವಕೇಂದ್ರ ನೆಲದಿಂದ ಸುಮಾರು 55 ಸೆಂಟಿಮೀಟರ್ ಮೇಲೆ, ಹ್ಯಾಂಡಲು ಸುಮಾರು ಒಂದು ಮೀಟರ್ ಮೇಲೆ ಎಂದಿಟ್ಟುಕೊಂಡರೆ, 5 ಡಿಗ್ರಿ ವಾಲಿದಾಗ ಹ್ಯಾಂಡಲಿನಲ್ಲಿ ತಡೆಯಬೇಕಾದದ್ದು 9 ಕಿಲೋದಷ್ಟು. 10 ಡಿಗ್ರಿಗೆ 19. 20 ಡಿಗ್ರಿಗೆ 37. ಅದರಾಚೆಗೆ ತಡೆಯುವ ಮಾತಿಲ್ಲ, ಕಾಲು ತೆಗೆದು ದೂರ ಸರಿಯಬೇಕು. ಬೈಕಿಗೆ ಪೇಂಟು ಹೊಡೆಸಬಹುದು, ಮೊಣಕಾಲಿಗೆ ಆಗುವುದಿಲ್ಲ.

ಉದ್ದನೆಯವನಿಗೆ ಬೈಕು ವಾಲುವ ಮೊದಲೇ ನೆಲ ಸಿಗುತ್ತದೆ. ಕುಳ್ಳಿಗೆ ಬೈಕು ವಾಲಿದ ಮೇಲೆ ನೆಲ ಸಿಗುತ್ತದೆ. ಬೈಕು ಒಂದೇ, ತೂಕ ಒಂದೇ. ಆದರೆ ಅವನ ಕಾಲು ಒಂದೆರಡು ಡಿಗ್ರಿಯ ಭಾರ ಹೊರುತ್ತದೆ, ನನ್ನ ಕಾಲು ಅದರ ಮೂರು ನಾಲ್ಕು ಪಟ್ಟು. ತೂಕವೇ ತೊಂದರೆ ಎನ್ನುವವರು ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯೋರ್ 650 ಮೇಲೆ ಕೂತು ನೋಡಲಿ. ಅದು 241 ಕಿಲೋ, ನನ್ನ ಬೈಕಿಗಿಂತ ಒಂದು ದೊಡ್ಡ ಅಕ್ಕಿ ಚೀಲದಷ್ಟು ಹೆಚ್ಚು. ಸೀಟು ಮಾತ್ರ 740 ಮಿಲಿಮೀಟರ್. ಅದರ ಮೇಲೆ ಕೂತರೆ ನನ್ನ ಕಾನ್ಫಿಡೆನ್ಸ್ ಅದ್ಭುತವಾಗಿರುತ್ತದೆ.

ನಿಲ್ಲಿಸುವ ಕ್ರಮ ಹೀಗೆ. ಕೊನೆಯ ಎರಡು ಮೀಟರಿನಲ್ಲಿ ಹ್ಯಾಂಡಲು ನೆಟ್ಟಗಿರಬೇಕು. ಹ್ಯಾಂಡಲು ತಿರುಗಿರುವಾಗ ಮುಂಬ್ರೇಕು ಹಿಡಿದರೆ ಮುಂದಿನ ಶಾಕ್ಸ್ ಕುಸಿದು, ತಿರುಗಿದ ಕಡೆಗೇ ಇಡೀ ಬೈಕು ಮುಗ್ಗರಿಸುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ 5 ಡಿಗ್ರಿ 20 ಆಗಿರುತ್ತದೆ. ನಿಧಾನದಲ್ಲಿ ಹಿಂಬ್ರೇಕು, ಹಾಫ್ ಕ್ಲಚ್ಚು, ದೃಷ್ಟಿ ದೂರಕ್ಕೆ. ಬೈಕು ಪೂರ್ತಿ ನಿಲ್ಲುವ ಮೊದಲೇ ಸೊಂಟ ಎಡಕ್ಕೆ ಜಾರಿರಬೇಕು. ನಿಂತ ಮೇಲೆ ಜಾರುತ್ತೇನೆ ಎಂದರೆ ತಡವಾಯಿತು. ಆರ್‌ಟಿಒದಲ್ಲಿ ಎಂಟು ಹೊಡೆಸುತ್ತಾರಲ್ಲ, ಈ ವಿದ್ಯೆ ಇರುವುದು ಅಲ್ಲಿಯೇ. ಅದನ್ನು ನಾವೆಲ್ಲ ಯಾರದೋ ಹಗುರ ಬೈಕಿನಲ್ಲಿ ಹೊಡೆದು ಲೈಸೆನ್ಸು ತಂದು ಮರೆತಿರುತ್ತೇವೆ.

ಭೂತಲ ಪ್ರಕರಣ

ಇನ್ನು ನೆಲದ ವಿಷಯ. ಎಡಗಾಲು ಊರಬೇಕು, ಬಲಗಾಲು ಬ್ರೇಕಿನ ಮೇಲಿರಬೇಕು ಎಂಬುದು ಅಮೆರಿಕದ ಗುರುಗಳು ವಿಡಿಯೊಗಳಲ್ಲಿ ಬೋಧಿಸುವ ಮಹಾವಾಕ್ಯ. ಇಲ್ಲಿನ ಉಪದೇಶಕರು ಅದನ್ನು ಕಂಠಪಾಠ ಮಾಡಿ ದಾಟಿಸುತ್ತಾರೆ. ರಸ್ತೆ ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತದೆ, ಮಳೆನೀರು ಹರಿಯಲು. ಅಮೆರಿಕದವರು ರಸ್ತೆಯ ಬಲಕ್ಕೆ ಓಡಿಸುವವರು. ಅವರ ಇಳಿಜಾರು ಬಲಕ್ಕೆ, ಎಡಗಾಲು ಊರುವ ಕಡೆ ನೆಲ ಎತ್ತರ. ನಾವು ಎಡಕ್ಕೆ ಓಡಿಸುತ್ತೇವೆ. ನಮ್ಮ ಎಡಗಾಲಿನ ಕಡೆ ನೆಲ ಇನ್ನಷ್ಟು ತಗ್ಗು. ಮೊದಲೇ ಕಾಲು ಎಟುಕದವಳಿಗೆ, ನೆಲ ದೂರ ಸರಿಯುವ ಕಡೆಗೇ ಕಾಲು ಚಾಚು ಎಂದು ಹೇಳಿಕೊಟ್ಟಂತಾಯಿತು. ಆರಡಿಯವರಿಗೆ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ, ಅದಕ್ಕೇ ಅವರ ಶಾಸ್ತ್ರದಲ್ಲಿ ಇದು ಇಲ್ಲ.

ಹಾಗಾದರೆ ಬಲಗಾಲು ಊರಬಹುದೇ? ಊರಬಹುದು, ಆಗ ಹಿಂಬ್ರೇಕು ಕೈತಪ್ಪುತ್ತದೆ, ಅಂದರೆ ಕಾಲುತಪ್ಪುತ್ತದೆ. ಹ್ಯಾಂಡಲು ನೆಟ್ಟಗಿಟ್ಟು ಮುಂಬ್ರೇಕನ್ನು ಹದವಾಗಿ ಹಿಡಿದೇ ನಿಲ್ಲಬೇಕು. ಯಾವ ಸಿಗ್ನಲ್ಲಿನಲ್ಲಿ ಯಾವ ಕಾಲು ಎಂಬುದನ್ನು ಕುಳ್ಳರು ಹತ್ತು ಮೀಟರ್ ಮೊದಲೇ ನೆಲ ನೋಡಿ ತೀರ್ಮಾನಿಸುತ್ತಾರೆ. ಗುಂಡಿ, ಮ್ಯಾನ್‌ಹೋಲಿನ ಮುಚ್ಚಳ, ಆಯಿಲ್ ಚೆಲ್ಲಿದ ಕಲೆ, ಉದುರಿದ ಜಲ್ಲಿ, ಎಲ್ಲವೂ ಆ ತೀರ್ಮಾನದಲ್ಲಿ ಸೇರುತ್ತವೆ. ಇದನ್ನು ನೋಡಿದವರು 'ಪಾಪ, ಭಯ ಪಡ್ತಾರೆ' ಎನ್ನುತ್ತಾರೆ.

ಪಾರ್ಕಿಂಗ್ ಬಗ್ಗೆ ಒಂದೇ ವಿಧಿ: ಇಳಿಜಾರಿಗೆ ಮುಖ ಮಾಡಿ, ಗೋಡೆಗೆ ಮೂತಿ ಕೊಟ್ಟು ನಿಲ್ಲಿಸಬಾರದು. ತುದಿಗಾಲಲ್ಲಿ ಬೈಕನ್ನು ಏರಿಗೆ ಹಿಂದಕ್ಕೆ ತಳ್ಳಲು ದೇವರಿಂದಲೂ ಆಗದು. ಇಳಿದು, ಟ್ಯಾಂಕನ್ನು ಸೊಂಟಕ್ಕೆ ಒರಗಿಸಿಕೊಂಡು, ಬಲಗೈ ಬೆರಳು ಬ್ರೇಕಿನ ಮೇಲಿಟ್ಟುಕೊಂಡು ನಡೆಸಿ.

ಅಗಸ್ತ್ಯ ಪ್ರಕರಣ

ಸವಾರನಿಗೆ ತಕ್ಕಂತೆ ಎತ್ತರ ಇಳಿಸಿಕೊಂಡ ಮೊದಲ ದೃಷ್ಟಾಂತ ಅಗಸ್ತ್ಯರದು. ಅವರು ಗಿಡ್ಡ ಮುನಿ. ವಿಂಧ್ಯಪರ್ವತ ಸೂರ್ಯನ ದಾರಿಗೇ ಅಡ್ಡವಾಗಿ ಬೆಳೆಯುತ್ತಿತ್ತು. ಮುನಿ ಎದುರು ಬಂದಾಗ ಅದು ನಮಸ್ಕರಿಸಲು ಬಗ್ಗಿತು. 'ನಾನು ವಾಪಸು ಬರುವವರೆಗೆ ಹೀಗೇ ಇರು' ಎಂದು ಹೇಳಿ ಅವರು ದಕ್ಷಿಣಕ್ಕೆ ಬಂದವರು ಮತ್ತೆ ಹೋಗಲೇ ಇಲ್ಲ. ಇಲ್ಲಿ ಕಾವೇರಿಯನ್ನು ಕಮಂಡಲುವಿನಲ್ಲಿಟ್ಟುಕೊಂಡು ಸಂಸಾರ ಹೂಡಿದರು. ಗಮನಿಸಿ: ಅಗಸ್ತ್ಯರಿಗೆ ಯಾರೂ ಮನೋಬಲ ಹೆಚ್ಚಿಸಿಕೊಳ್ಳಿ ಎನ್ನಲಿಲ್ಲ. ಪರ್ವತವೇ ಬಗ್ಗಿತು.

ಕಲಿಯುಗದಲ್ಲಿ ಪರ್ವತ ಬಗ್ಗಿಸಲು ಜೆ.ಸಿ. ರಸ್ತೆಗೆ ಹೋಗಬೇಕು. ಸೀಟಿನ ಕವರು ಬಿಚ್ಚಿ, ಒಳಗಿನ ಫೋಮನ್ನು ಮುಂಭಾಗದಲ್ಲಿ, ಮುಖ್ಯವಾಗಿ ಎರಡೂ ಪಕ್ಕದ ಮೂಲೆಗಳಲ್ಲಿ ಕೆತ್ತಿ ಮತ್ತೆ ಹೊದಿಸುತ್ತಾರೆ. ಒಂದೆರಡು ಸೆಂಟಿಮೀಟರ್ ಸಿಗುತ್ತದೆ, ಮೂಲೆ ಹೋದದ್ದರಿಂದ ಇನ್ನೂ ಹೆಚ್ಚು ಸಿಕ್ಕಂತೆ ಅನಿಸುತ್ತದೆ. ದೂರ ಹೋದ ದಿನ ಸೊಂಟದ ಕೆಳಗೆ ಬಡ್ಡಿ ಕಟ್ಟಬೇಕು. ಲೋಯರಿಂಗ್ ಲಿಂಕ್ ಹಾಕಿ ಹಿಂಭಾಗವನ್ನೇ ಇಳಿಸುವುದು ಇನ್ನೊಂದು ದಾರಿ. ಆದರೆ ಹಿಂದೆ ಇಳಿಸಿದರೆ ಮುಂದೆಯೂ ತುಸು ಇಳಿಸಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಬೈಕು ಸೋಮಾರಿಯಾಗುತ್ತದೆ. ಸೈಡ್ ಸ್ಟ್ಯಾಂಡನ್ನೂ ಮೋಟು ಮಾಡಿಸಬೇಕು, ಇಲ್ಲದಿದ್ದರೆ ಬೈಕು ತೀರ ನೆಟ್ಟಗೆ ನಿಂತು ಗಾಳಿಗೆ ಬಲಕ್ಕೆ ಉರುಳುತ್ತದೆ. ಇಷ್ಟೆಲ್ಲ ಮಾಡಿ 30 ಮಿಲಿಮೀಟರು ಇಳಿಸಿದಿರಿ ಎನ್ನಿ. ಈ ಬೈಕಿನ ಹೊಟ್ಟೆಗೂ ನೆಲಕ್ಕೂ ಇದ್ದದ್ದು 130, ಈಗ 100. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಹಂಪು 3.7 ಮೀಟರ್ ಉದ್ದಕ್ಕೆ ಹರಡಿಕೊಂಡು, ಎತ್ತರ 10 ಸೆಂಟಿಮೀಟರ್. ಅಷ್ಟು ನಿಧಾನವಾಗಿ ಏರಿ ಇಳಿದರೆ ಹೊಟ್ಟೆ ತಾಗುವುದಿಲ್ಲ. ನಮ್ಮ ಬಡಾವಣೆಯ ಹಂಪುಗಳು ಕಾಂಗ್ರೆಸ್ಸಿನ ಮಾತು ಕೇಳಿದವಲ್ಲ. ರಾತ್ರೋರಾತ್ರಿ ಯಾರೋ ಸಿಮೆಂಟು ಸುರಿದು, ಮೊಳದಗಲದಲ್ಲಿ ಮೊಣಕಾಲೆತ್ತರ ಎಬ್ಬಿಸಿದ ದಿಣ್ಣೆಗಳು. ಪರ್ವತ ಬಗ್ಗಿಸಿದವಳು ದಿಣ್ಣೆಗೆ ಸಿಕ್ಕಿಬೀಳುತ್ತಾಳೆ.

ಹೆಸರಿಡದ ಪ್ರಕರಣ

ಈ ಪ್ರಕರಣಕ್ಕೊಂದು ಸಂಸ್ಕೃತದ ಹೆಸರು ಹುಡುಕುವಷ್ಟು ತಾಳ್ಮೆ ಉಳಿದಿಲ್ಲ.

ಭಾರತದ ಹೆಂಗಸರ ಸರಾಸರಿ ಎತ್ತರ 152 ಸೆಂಟಿಮೀಟರಿನ ಆಸುಪಾಸು, ಗಂಡಸರದು 165ರ ಆಸುಪಾಸು. ನಾನು ಹೆಂಗಸರ ಸರಾಸರಿಗಿಂತ ಉದ್ದ. ಇಲ್ಲಿಯೇ ತಯಾರಾಗುವ, ಹುಡುಗರು ಮೊದಲು ಕೊಳ್ಳುವ ಸ್ಪೋರ್ಟ್ಸ್ ಬೈಕುಗಳನ್ನು ನೋಡಿ: ಯಮಹಾ ಆರ್15ರ ಸೀಟು 815, ಟಿವಿಎಸ್ ಅಪಾಚೆ ಆರ್‌ಆರ್ 310ರದು 810. ಸರಾಸರಿ ಗಂಡಸೇ ತುದಿಗಾಲಲ್ಲಿ ನಿಲ್ಲಬೇಕಾದ ಎತ್ತರ. ಅವರೂ ತುದಿಗಾಲಲ್ಲಿ ನಿಲ್ಲುತ್ತಾರೆ, ಯಾರಿಗೂ ಹೇಳುವುದಿಲ್ಲ, ಬೈಕು ಬಿದ್ದರೆ ಮರಳಿತ್ತು ಎನ್ನುತ್ತಾರೆ. ಆರಡಿಯವನ ಉಪದೇಶಕ್ಕೆ ಅವರೂ ತಲೆಯಾಡಿಸುವುದನ್ನು ನೋಡಿದಾಗ ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚು. ಇಡೀ ದೇಶದ ಮೈಯಳತೆ ಒಂದು ಕಡೆ, ಬೈಕಿನ ಅಳತೆ ಇನ್ನೊಂದು ಕಡೆ, ನಡುವಿನ ಅಂತರಕ್ಕೆ ನಾಚಿಕೆ ಪಡುವವರು ಮಾತ್ರ ನಾವು. ನಾನು ಬೈಕು ನೋಡಲು ಹೋದ ಯಾವ ಶೋರೂಮಿನಲ್ಲೂ ತಗ್ಗು ಸೀಟು ಹಾಕಿ ತೋರಿಸಲಿಲ್ಲ. 'ಓಡಿಸ್ತಾ ಓಡಿಸ್ತಾ ಅಭ್ಯಾಸ ಆಗುತ್ತೆ ಮೇಡಂ' ಎಂದರು. ಏನು ಅಭ್ಯಾಸವಾಗುತ್ತದೆ? ಕಾಲು ಬೆಳೆಯುವುದೇ?

ನಿಂತ ಬೈಕನ್ನು ನಾನು ಸರಿಸುತ್ತಿರುವಾಗ ಹೇಳದೆ ಕೇಳದೆ ಬಂದು ಹ್ಯಾಂಡಲು ಹಿಡಿಯುವವರು ಇನ್ನೊಂದು ಜಾತಿ. ಒಳ್ಳೆಯ ಮನಸ್ಸಿನವರು, ಅದು ಗೊತ್ತು. ಆದರೆ ಬೇರೆಯವರ ಕೈ ಹ್ಯಾಂಡಲಿಗೆ ಬಿದ್ದೊಡನೆ ಅದು ತಿರುಗುತ್ತದೆ, ನಾನು ಹಿಡಿದಿದ್ದ ಸಮತೋಲ ಅಲ್ಲಿಗೆ ಮುಗಿಯುತ್ತದೆ. ಹಾಗೆ ಬಿದ್ದ ಬೈಕಿನ ಲೆಕ್ಕವೂ ಕುಳ್ಳಿಯ ಖಾತೆಗೇ.

ಆದ್ದರಿಂದ ಈ ಮೀಮಾಂಸೆ ಓದಿದ ಉದ್ದನೆಯ ಮಹನೀಯರಲ್ಲಿ ವಿನಂತಿ. ಗಿಡ್ಡ ಸವಾರರ ಬೈಕು ಪಾರ್ಕಿಂಗಿನಲ್ಲಿ ಸಿಕ್ಕಿಕೊಂಡದ್ದು ಕಂಡರೆ ಮೊದಲು ಕೇಳಿ. ಬೇಡ ಎಂದರೆ ಸುಮ್ಮನಿರಿ. ಬೇಕು ಎಂದರೆ ಹಿಂದಕ್ಕೆ ಹೋಗಿ ಸೀಟಿನ ಬದಿಯನ್ನೋ ಗ್ರ್ಯಾಬ್ ರೇಲನ್ನೋ ಹಿಡಿದು, ಅವರು ಹೇಳಿದ ಕಡೆಗೆ, ಅವರು ಹೇಳಿದಷ್ಟೇ ಎಳೆಯಿರಿ. ಹ್ಯಾಂಡಲು ಮುಟ್ಟಬೇಡಿ.